ಎಡಗೈ ಹೆಬ್ಬೆಟ್ಟಿನ ಮಸಿ

"ಇಲ್ಲಿ," ಎಂದು ಶಿವಪ್ರಕಾಶಯ್ಯನವರು ತಮ್ಮ ಎಡಗೈಯನ್ನು ಅಂಗಾತ ಹಿಡಿದು ತೋರಿಸಿದರು. "ಇಲ್ಲಿ ಇಡತೀವಿ ಲಿಂಗಾನ. ಕುಣ್ಯಾಗ ಕೂಡಿಸಿದ ಮ್ಯಾಲೆ, ಮಣ್ಣು ಹಾಕೂಕಿಂತ ಮದಲ, ನಾನ ಇಳದು ಇಡಬೇಕು. ಇಟ್ಟು ಬಟ್ಟು ಮಡಚಬೇಕು, ಜಾರಬಾರದಲ್ಲ. ನಾಕು ಬಟ್ಟು ಮಡಚಿದ್ನಿ. ಹೆಬ್ಬಟ್ಟು ಮಡಚೂ ಮುಂದ ಕಾಣಿಸ್ತು."

"ಏನ್ರಿ?"

"ಮಸಿ."

ಸುರೇಖಾ ಬರೆಯುವುದನ್ನು ನಿಲ್ಲಿಸಿದಳು. ಶಿವಯೋಗ ಮಂದಿರದ ಹೊರಗಿನ ಕಟ್ಟೆಯ ಮೇಲೆ ಇಬ್ಬರೇ ಕೂತಿದ್ದರು. ಸತ್ತವರಿಗೆ ಮಣ್ಣಿನ ವಿಧಿ ಮಾಡಿಸುವ ಅಯ್ಯನವರ ಪಕ್ಕದಲ್ಲಿ ಆಗತಾನೆ ಕೊಂಡ ವಿಭೂತಿ ಗಟ್ಟಿಗಳ ಕಟ್ಟು. ಕೆಳಗೆ ಜೂನ್ ತಿಂಗಳ ಮಲಪ್ರಭೆ, ಹರಿಯಲೋ ಬೇಡವೋ ಎಂದು ಯೋಚಿಸುತ್ತಿರುವಂತೆ ಕಲ್ಲುಗಳ ನಡುವೆ ನಿಂತಿತ್ತು.

"ಎಂಥಾ ಮಸಿ? ಪೆನ್ನಿಂದೇನ್ರಿ?"

"ಪೆನ್ನಿಂದಲ್ಲವಾ. ಆಫೀಸಿನಾಗ ಶಿಕ್ಕಾ ಹೊಡಿತಾರಲ್ಲ, ಆ ಪ್ಯಾಡಿನ ಮಸಿ. ನೇರಳಿಹಣ್ಣ ಹಿಚುಕಿದಂಗ ಇತ್ತು."

"ಹೆಣದ ಕೈಯಾಗ..."

"ಹೆಣ ಅನಬ್ಯಾಡ ತಂಗಿ. ಲಿಂಗೈಕ್ಯ ಆದವರು."

"ತಪ್ಪಾತ್ರಿ. ಲಿಂಗೈಕ್ಯ ಆದವರ ಕೈಯಾಗ ಕಚೇರಿ ಮಸಿ ಯಾಕ ಬಂತು ಅಂತ ಅನ್ನಿಸ್ಲಿಲ್ಲೇನ್ರಿ ನಿಮಗ?"

"ಅನ್ನಿಸ್ತು. ಪಿಂಚಣಿದೋ ಆಸ್ತಿದೋ ಯಾವುದರ ಕಾಗದ ಇರಬೇಕು ಅಂದ್ಕೊಂಡ್ನಿ." ಅಯ್ಯನವರು ನಗಲಿಲ್ಲ. "ಸಾಯವರ ಹೆಬ್ಬಟ್ಟಿಗೆ ಮನಿಮಂದಿ ಪ್ಯಾಡ್ ಹಿಡಕೊಂಡು ಕಾಯೂದು ನಾ ಎಷ್ಟ್ ಕಡೆ ನೋಡಿಲ್ಲ."

ಇಳಕಲ್ಲಿನ ನೇಕಾರ ಅಂದಪ್ಪ ಸತ್ತು ನಾಲ್ಕು ತಿಂಗಳಾಗಿತ್ತು. ಅವನ ಹೆಬ್ಬೆಟ್ಟಿನ ಗುರುತಿದ್ದ ಒಂದು ಕಾಗದ ಬರುವ ಸೋಮವಾರ ಅವನ ಮನೆಗೆ ಬೀಗ ಹಾಕಿಸಲಿತ್ತು. ಇವತ್ತು ಶನಿವಾರ.

ಕಾಗದವನ್ನು ಸುರೇಖಾ ಎಷ್ಟು ಸಲ ಓದಿದ್ದಳೆಂದರೆ ಅದರ ಮೂಲೆಯ ಸುಕ್ಕುಗಳೂ ಬಾಯಿಪಾಠವಾಗಿದ್ದವು. ಅಂದಪ್ಪ ಮನೆಯ ಮೇಲೆ ಸಾಲ ತೆಗೆದದ್ದು ಸುಖನಿವಾಸ ಹೋಮ್ ಫೈನಾನ್ಸ್ ಎಂಬ ಕಂಪನಿಯಲ್ಲಿ. ಮನೆಯ ಖರೀದಿ ಪತ್ರ ಅವರ ಹತ್ತಿರ. ಹೊಸ ವರ್ಷದ ಮೊದಲ ವಾರ ಸುಖನಿವಾಸ ತನ್ನ ಸಾವಿರಾರು ಸಾಲಗಳನ್ನು ಒಂದೇ ಗಂಟು ಕಟ್ಟಿ ಶತದೀಪ ಕ್ಯಾಪಿಟಲ್ ಎಂಬ ಇನ್ನೊಂದು ಕಂಪನಿಗೆ ಮಾರಿತು. ಗಂಟಿನಲ್ಲಿ ಅಂದಪ್ಪನ ಮನೆಯೂ ಇತ್ತು. ಅಂದಪ್ಪನಿಗೆ ಯಾರೂ ಹೇಳಲಿಲ್ಲ.

ಎತ್ತು ಮಾರಿದರೆ ಎತ್ತಿಗಾದರೂ ಗೊತ್ತಾಗುತ್ತದೆ. ಹಗ್ಗ ಹಿಡಿದ ಕೈ ಬೇರೆಯಾಗುತ್ತದೆ. ಸಾಲ ಮಾರಿದರೆ ಸಾಲಗಾರನಿಗೆ ಗೊತ್ತಾಗಬೇಕಾದರೆ ಯಾರಾದರೂ ಬಂದು ಹೇಳಬೇಕು. ಆ ಹೇಳುವುದಕ್ಕೇ ನೋಟೀಸು ಎಂದು ಹೆಸರು.

ಫೆಬ್ರವರಿ ಹತ್ತರಂದು ಅಂದಪ್ಪ, ಊರಾಚೆಯ ತನ್ನ ಒಂದು ನಿವೇಶನ ಮಾರಿ ಬಂದ ದುಡ್ಡನ್ನೆಲ್ಲ ಸುಖನಿವಾಸದ ಇಳಕಲ್ ಶಾಖೆಗೆ ಕಟ್ಟಿ ಸಾಲ ತೀರಿಸಿಬಿಟ್ಟ. ಶಾಖೆಯವರು ತಾವು ಮಾರಿಕೊಂಡ ಸಾಲಕ್ಕೆ ದುಡ್ಡು ಎಣಿಸಿಕೊಂಡರು, ರಸೀದಿ ಕೊಟ್ಟರು, ಮುಂದಿನ ತಿಂಗಳು ಶಾಖೆಗೇ ಕದ ಹಾಕಿಕೊಂಡು ಹೋದರು. ದುಡ್ಡು ಕಟ್ಟಿ ವಾರಕ್ಕೆ ಅಂದಪ್ಪ ಸತ್ತ. ಆಮೇಲೆ ಶತದೀಪದವರು ಬಂದು, ಸಾಲ ನಮ್ಮದು, ನಮಗೆ ಕಟ್ಟಿಲ್ಲ, ಮನೆ ಬಿಡಿ ಎಂದರು.

ವಕೀಲೆ ಪದ್ಮಶ್ರೀ ಬಾಗಲಕೋಟೆ ನವನಗರದ ತನ್ನ ಕಚೇರಿಯಲ್ಲಿ ಇದನ್ನು ಎರಡು ಮಾತಿನಲ್ಲಿ ಹೇಳಿದ್ದಳು. "ಸಾಲ ಮಾರಬಹುದು, ಸಾಲಗಾರನ ಹಕ್ಕು ಮಾರಾಟಕ್ಕಿಲ್ಲ. ನೋಟೀಸು ಮುಟ್ಟೂ ತನಕ ಹಳೇ ಕಂಪನಿಗೆ ಕೊಟ್ಟದ್ದು ಕೊಟ್ಟಂಗ. ಅವರಿಬ್ಬರ ನಡುವಿನ ಲೆಕ್ಕ ಅವರಿಬ್ಬರೂ ಬಡದಾಡಿಕೊಳ್ಳಲಿ, ಖರೀದಿ ಪತ್ರ ಮನಿಗೆ ಬರಬೇಕು."

ಹಾಗಾಗಿ ಎಲ್ಲವೂ ಒಂದು ತಾರೀಖಿನ ಮೇಲೆ ನಿಂತಿತ್ತು. ನೋಟೀಸು ಹತ್ತರ ನಂತರ ಮುಟ್ಟಿದ್ದರೆ ಮನೆ ಅಂದಪ್ಪನ ಮಗಳು ಬನಶಂಕರಿಯದು. ಹತ್ತಕ್ಕೆ ಮೊದಲೇ ಮುಟ್ಟಿದ್ದರೆ ಶತದೀಪದ್ದು. ಶತದೀಪದವರು ನ್ಯಾಯಾಲಯಕ್ಕೆ ಕೊಟ್ಟ ಕಾಗದದಲ್ಲಿ, ನೋಟೀಸು ಮುಟ್ಟಿದೆ ಎಂಬ ಸಾಲಿನ ಕೆಳಗೆ ಅಂದಪ್ಪನ ಎಡಗೈ ಹೆಬ್ಬೆಟ್ಟು, ಅದರ ಪಕ್ಕ ಮೂರು, ಫೆಬ್ರವರಿ.

ಸುರೇಖಾ ಆರು ವರ್ಷ ಅದೇ ಸುಖನಿವಾಸದಲ್ಲಿ ಜನರ ಆಸ್ತಿಪತ್ರ ತಪಾಸಣೆ ಮಾಡಿದವಳು. ಗಂಟು ಮಾರಿದ ದಿನ ನೌಕರಿ ಬಿಟ್ಟಿದ್ದಳು. ಈಗ ವಿದ್ಯಾಗಿರಿಯ ಒಂದು ಬಾಡಿಗೆ ಕೋಣೆಯಲ್ಲಿದ್ದುಕೊಂಡು ಪದ್ಮಶ್ರೀಗೆ ಕಾಗದಗಳ ಹಿಂದಿನ ಕಥೆ ಹುಡುಕಿಕೊಡುತ್ತಿದ್ದಳು. ಕಾಗದ ಸುಳ್ಳು ಹೇಳುತ್ತದೆ ಎಂದು ಅವಳು ನಂಬಿರಲಿಲ್ಲ. ಕಾಗದ ತನಗೆ ಹೇಳಿಕೊಟ್ಟದ್ದನ್ನು ಹೇಳುತ್ತದೆ, ಅಷ್ಟೇ.

"ಮಣ್ಣು ಮಾಡಿದ್ದು ಯಾವತ್ತರಿ?" ಎಂದು ಕೇಳಿದಳು.

"ಹದಿನೆಂಟನೇ ತಾರೀಖ. ಮಧ್ಯಾಹ್ನ."

"ಅದಕ್ಕ ಮದಲ ಮೈ ತೊಳದಿರತಾರ."

"ತೊಳೀದ ಹೆಂಗ ಕೂಡಸತಾರ? ಹಿಂದಿನ ದಿನ ಸಂಜಿಮುಂದ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ಗ್ವಾಡಿಗೆ ಆನಿಸಿ ಕೂಡಿಸಿದ್ವಿ. ರಾತ್ರಿ ಭಜನಿ ಆತು. ಮಸಿ ಪೂರಾ ಹೋಗಿರಲಿಲ್ಲ. ಉಗುರಿನ ಸಂದ್ಯಾಗ ಕುಂತಿತ್ತು."

ಸುರೇಖಾ ಮನಸ್ಸಿನಲ್ಲೇ ಗೆರೆ ಎಳೆದಳು. ಅಂದಪ್ಪನ ಬಲಭಾಗಕ್ಕೆ ಲಕ್ವಾ ಹೊಡೆದು ವರ್ಷವಾಗಿತ್ತು. ಸಹಿ ಹೋಗಿ ಹೆಬ್ಬೆಟ್ಟು ಬಂದದ್ದು ಅದಕ್ಕೇ. ಎಡಗೈ ಚೆನ್ನಾಗಿತ್ತು. ದಿನಾ ಬೆಳಿಗ್ಗೆ ಬನಶಂಕರಿ ಅಪ್ಪನಿಗೆ ಸ್ನಾನ ಮಾಡಿಸಿ, ಆ ಎಡಗೈಯಲ್ಲಿ ಲಿಂಗವಿಟ್ಟು ನೀರು ಹಾಕುತ್ತಿದ್ದಳು. ಹದಿನೇಳರ ಬೆಳಿಗ್ಗೆಯೂ ಹಾಕಿದ್ದಳು. "ಅಂಗೈ ಲಕಲಕ ಇತ್ರಿ, ಒಂದು ಕಲಿ ಇರಲಿಲ್ಲ," ಎಂದು ಅವಳೇ ಹೇಳಿದ್ದಳು. ಮೂರನೇ ತಾರೀಖಿನ ಮಸಿ ಅಷ್ಟು ನೀರು ಕುಡಿದು ಹದಿನೆಂಟರವರೆಗೆ ಬದುಕುವುದಿಲ್ಲ.

ಅಂದರೆ ಒತ್ತಿಸಿಕೊಂಡದ್ದು ಹದಿನೇಳರ ಬೆಳಗಿನ ಪೂಜೆಯ ನಂತರ.

"ನಿಮಗ ಸುದ್ದಿ ಮುಟ್ಟಿದ್ದು ಯಾವಾಗರಿ?"

"ಹದಿನೇಳಕ್ಕ, ಎರಡಕ್ಕ ಐದ ನಿಮಿಷ ಕಮ್ಮಿ." ಅಯ್ಯನವರು ಕಿಸೆಯಿಂದ ಸಣ್ಣ ಡೈರಿ ತೆಗೆದು, ಕನ್ನಡಕ ಹಣೆಗೇರಿಸಿ, ಬೆರಳಿನಿಂದ ಸಾಲು ತೋರಿಸಿದರು. "ಲಿಂಗೈಕ್ಯ ಆದ ಹೊತ್ತು ನಾ ಬರಕೋತೀನಿ. ಕೂಡಲಸಂಗಮದಾಗ ಪ್ರಸಾದಕ್ಕ ಕುಂತಿದ್ನಿ, ಬನಶಂಕರಿ ಫೋನ್ ಬಂತು. ಅಪ್ಪ ಹೋದ ಅಂದ್ಲು. ಅರ್ಧಾ ಊಟಕ್ಕ ಕೈ ತೊಳಕೊಂಡ್ನಿ. ಗಾಡಿ ಮಾಡ್ಕೊಂಡು ಬರ್ತೇನಿ ಅಂದ್ರ, ಬ್ಯಾಡ್ರಿ, ಸಾವಕಾಶ ಬಸ್ಸಿಗೆ ಬರ್ರಿ ಅಂದ್ಲು. ಭಾಳ ಒಳ್ಳೇ ಹುಡುಗಿ. ಸಾವಿನ ಮನ್ಯಾಗೂ ನನ್ನ ವಯಸ್ಸಿಗೆ ಮರ್ಯಾದಿ ಕೊಟ್ಲು."

"ಓಣಿ ಮಂದಿ ಆಗಲೇ ಕೂಡಿದ್ರೇನ್ರಿ?"

"ಇಲ್ಲಲ್ಲ. ಅವರಿಗೆ ಐದರ ಸುಮಾರು ಗೊತ್ತಾಗೈತಿ. ನಾ ಆರಕ್ಕ ಮುಟ್ಟಿದಾಗ ಆಗಿನ್ನೂ ಬರಾಕ ಹತ್ತಿದ್ರು. ಗಾಬರಿ ಆಗಿ ಸುಮ್ನ ಕುಂತಿತ್ತು ಅಂತ ಕಾಣ್ತೈತಿ ಹುಡುಗಿ."

ಬನಶಂಕರಿ ಸುರೇಖಾಳಿಗೂ ಅದೇ ಗಂಟೆ ಹೇಳಿದ್ದಳು: ಎರಡರ ಹೊತ್ತಿಗೆ ನನ್ನ ತೊಡೆಯ ಮೇಲೆ ಜೀವ ಬಿಟ್ಟ, ಅಲ್ಲಿಯವರೆಗೆ ಮನೆಗೆ ಯಾರೂ ಬಂದಿರಲಿಲ್ಲ.

ಬೆಳಿಗ್ಗೆಯಿಂದ ಎರಡರವರೆಗೆ ಯಾರೂ ಬಂದಿಲ್ಲ. ಎರಡರ ನಂತರ ಅಂದಪ್ಪ ಇಲ್ಲ. ಮಸಿ ಮಾತ್ರ ಇದೆ.

ಯಾರೋ ಸತ್ತವನ ಕೈಯನ್ನು ಪ್ಯಾಡಿಗೆ ಒತ್ತಿದ್ದಾರೆ. ಗೋಡೆಗೆ ಒರಗಿಸಿ ಕೂಡಿಸಿದ, ಹಾರ ಹಾಕಿಸಿಕೊಂಡ, ಎಲ್ಲರೂ ಕಾಲು ಮುಟ್ಟಿ ಹೋಗುವ ಮನುಷ್ಯನ ಕೈಯನ್ನು.

"ಇದನ್ನ ಸೋಮವಾರ ಬಾಗಲಕೋಟಿಗೆ ಬಂದು ಜಡ್ಜ್ ಮುಂದ ಹೇಳ್ತೀರೇನ್ರಿ?"

ಅಯ್ಯನವರು ವಿಭೂತಿಯ ಕಟ್ಟನ್ನು ತೊಡೆಯ ಮೇಲೆ ಎಳೆದುಕೊಂಡರು. "ಕುಣ್ಯಾಗ ಇಳದವ ಕುಣ್ಯಾಗ ಕಂಡದ್ದು ಹೊರಗ ಹೇಳಬಾರದು ತಂಗಿ. ನಾಳೆ ಯಾರು ನನ್ನ ಕರೀತಾರ? ನಿನಗ ಹೇಳಿದ್ನಿ, ಅದ ಜಾಸ್ತಿ ಆತು."

ಪದ್ಮಶ್ರೀ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡು, "ಅಯ್ಯನೋರು ಬರೂದಿಲ್ಲ ಅಂದ್ರ ಇದು ಬರೀ ಕಥಿ ಆಕ್ಕೈತಿ ಸುರೇಖಾ," ಎಂದಳು. "ಕೇಳಾಕ ಛಲೋ ಐತಿ. ನನಗ ತಾರೀಖ ಇರೋ ವಸ್ತು ಬೇಕು."

"ಕಾಗದದ ಮ್ಯಾಲೆ ಸಾಕ್ಷಿ ಸಹಿ ಹಾಕಿದವ ಅದಾನಲ್ಲ."

"ನಿಮ್ಮ ಪ್ರಭುಲಿಂಗ? ಅವ ಯಾಕ ಬಾಯಿ ಬಿಡ್ತಾನ?"

"ಇವತ್ತ ಶನಿವಾರ," ಎಂದು ಸುರೇಖಾ ಸ್ಕೂಟಿ ಹತ್ತಿದಳು. "ಅಮೀನಗಡದ ಕುರಿ ಸಂತ್ಯಾಗ ಸಿಗ್ತಾನ. ಅಲ್ಲಿ ಅವ ಕಂಪನಿಯವ ಅಲ್ಲ."

*

ಪಟ್ಟದಕಲ್ಲು, ಐಹೊಳೆ ದಾಟಿ ಅಮೀನಗಡ ಸೇರುವಷ್ಟರಲ್ಲಿ ಸಂತೆ ಅರ್ಧ ಕರಗಿತ್ತು. ಉಳಿದ ಕುರಿಗಳು ಒಂದರ ಹೊಟ್ಟೆಯ ಕೆಳಗೆ ಇನ್ನೊಂದು ತಲೆ ಹಾಕಿ ನೆರಳು ಹುಡುಕುತ್ತಿದ್ದವು.

ಪ್ರಭುಲಿಂಗ ಒಬ್ಬ ಮುದುಕನ ಎದುರು ನಿಂತಿದ್ದ. ಇಬ್ಬರ ಬಲಗೈಗಳೂ ಒಂದೇ ಟವೆಲ್ಲಿನ ಕೆಳಗೆ ಮುಚ್ಚಿದ್ದವು. ಬೆರಳು ಹಿಡಿದು, ಬಿಟ್ಟು, ಮತ್ತೆ ಎರಡು ಬೆರಳು ಹಿಡಿದು ದರ ಮಾತಾಡುತ್ತಿದ್ದರು. ಮುಖದಲ್ಲಿ ಏನೂ ಇರಲಿಲ್ಲ. ಸುತ್ತ ನಿಂತವರಿಗೆ ಎಷ್ಟಕ್ಕೆ ಕುದುರಿತೆಂದು ಗೊತ್ತಾಗದಿರಲಿ ಎಂದು ಕುರಿಯವರು ಕಂಡುಕೊಂಡ ಉಪಾಯ ಅದು. ಸುಖನಿವಾಸದವರು ಶತದೀಪದವರ ಜೊತೆ ಇದಕ್ಕಿಂತ ದೊಡ್ಡ ಟವೆಲ್ ಹಾಸಿದ್ದರು ಎಂದುಕೊಂಡಳು ಸುರೇಖಾ.

ಪ್ರಭುಲಿಂಗನೂ ಅವಳೂ ಸುಖನಿವಾಸದ ಬಾಗಲಕೋಟೆ ಕಚೇರಿಯಲ್ಲಿ ಎದುರುಬದುರು ಕೂತವರು. ಹುನಗುಂದದಲ್ಲಿ ಇಬ್ಬರದೂ ಒಂದೇ ಓಣಿ, ಇಬ್ಬರ ಮನೆಯವರೂ ಬೀರಪ್ಪ ದೇವರ ಒಕ್ಕಲು. ಅವಳು ನೌಕರಿ ಬಿಟ್ಟಳು. ಅವನು ಗಂಟಿನ ಜೊತೆ ಶತದೀಪಕ್ಕೆ ಹೋದ. ಬಾಕಿದಾರರ ಮನೆ ಬಾಗಿಲು ಬಡಿಯುವುದು ಅವನ ಕೆಲಸ.

"ಬಾ ತಂಗಿ," ಎಂದ ಅವನು, ಟವೆಲ್ ಕೊಡವಿ ಹೆಗಲಿಗೆ ಹಾಕಿಕೊಳ್ಳುತ್ತ. "ಕುರಿ ಬೇಕಾಗಿತ್ತೇನು?"

"ಹೆಬ್ಬೆಟ್ಟು ಬೇಕಾಗಿತ್ತು ಪ್ರಭಣ್ಣ."

"ಯಾರದು?"

"ಇಳಕಲ್ ಅಂದಪ್ಪಂದು. ಸಾಕ್ಷಿ ಅಂತ ನಿನ್ನ ಸಹಿ ಐತಿ."

"ನನ್ನ ಸಹಿ ಮುನ್ನೂರು ಕಾಗದದ ಮ್ಯಾಲೆ ಐತಿ. ಮೂರು ನನ್ನ ಮದವಿ ಕಾಗದ ಇರಬಹುದು, ನೋಡ್ಕೋ." ಅವನು ಸಾಬರ ಚಹಾದಂಗಡಿಯ ಬೆಂಚಿನ ಕಡೆ ನಡೆದ. "ನವೀದ, ಎರಡು ಚಾ ಕೊಡೋ. ಒಂದ್ರಾಗ ಸಕ್ರಿ ಜಾಸ್ತಿ, ವಕೀಲರ ಕಡೆಯವರು ಬಂದಾರ, ಬಾಯಿ ಕಹಿ ಇರ್ತೈತಿ."

ಸುರೇಖಾ ಎದುರು ಕೂತಳು. "ಮೂರನೇ ತಾರೀಖ ಒತ್ತಿದ ಮಸಿ ಹದಿನೆಂಟಕ್ಕ ಇರ್ತೈತೇನು?"

"ಕಂಪನಿ ಮಸಿ ಗಟ್ಟಿ ಇರ್ತೈತವಾ."

"ಕಂಪನ್ಯಾಗ ಗಟ್ಟಿ ಇರೂದು ಅದೊಂದ ಅಂತ ಕಾಣ್ತೈತಿ."

ಅವನು ನಕ್ಕ. ನಗು ಗಡ್ಡದವರೆಗೆ ಬಂದು ಅಲ್ಲೇ ನಿಂತಿತು. "ನಿನಗ ಅಲ್ಲಿಂದ ಪಗಾರ ಬರೂದಿಲ್ಲ, ಅದಕ್ಕ ನಗಿ ಬರ್ತೈತಿ. ಸಾಲ ಮಾರಿದಾಗ ಕುರ್ಚಿ, ಕಪಾಟ, ನಾವು ಎಲ್ಲಾ ಕೂಡೇ ಮಾರಾಟ ಆದ್ವಿ. ನನಗ ಯಾರು ನೋಟೀಸ್ ಕೊಟ್ಟಾರ? ಬೆಳಗಾದ್ರ ಬೋರ್ಡ್ ಬ್ಯಾರೆ ಇತ್ತು."

"ಅಂದಪ್ಪ ಸತ್ತದ್ದು ಹದಿನೇಳಕ್ಕ, ಮಧ್ಯಾಹ್ನ."

"ಹೌದಂತ. ಮರುದಿನ ಕೇಳಿದ್ನಿ."

"ರಾತ್ರಿ ಕೂಡಿಸಿದ್ರು. ಭಜನಿ ನಡದಿತ್ತು. ಮಂದಿ ಹೋಗಿ ಹಾರ ಹಾಕಿ ಬರಾಕ ಹತ್ತಿದ್ರು. ಆ ಮಂದ್ಯಾಗ ನೀ ಹೋದಿ. ಹಾರ ಹಾಕೂ ನೆಪದಾಗ ಎಡಗೈ ಹಿಡಕೊಂಡಿ. ಕಿಸೆದಾಗ ಪ್ಯಾಡ್ ಇತ್ತು." ಅವಳು ಒಂದೊಂದೇ ಮಾತನ್ನು ಮೆಲ್ಲಗೆ ಇಟ್ಟಳು, ದರ ಹೇಳುವವರು ಬೆರಳು ಒತ್ತುವ ಹಾಗೆ. "ಹೆಣದ ಹೆಬ್ಬೆಟ್ಟು ತಗೊಂಡು ಬಂದಿ ಪ್ರಭಣ್ಣ."

ಚಹಾ ಬಂತು. ಅವನು ಮುಟ್ಟಲಿಲ್ಲ.

"ಯಾರ್ ಹೇಳಿದ್ರು?"

"ಮಣ್ಣು ಹಾಕೂ ಮುಂದ ಮಸಿ ಕಂಡವರು ಅದಾರ."

"ಓಣ್ಯಾಗ ಹೇಳೀಯೇನು ಇದನ್ನ?"

"ಇನ್ನೂ ಇಲ್ಲ."

ಅವನು ಅಂಗಿಯ ಒಳಕಿಸೆಗೆ ಕೈ ಹಾಕಿ ಸಣ್ಣ ಕೆಂಪು ಚೀಲ ತೆಗೆದ. ಬಿಚ್ಚಿದ. ಬೀರಪ್ಪನ ಭಂಡಾರ, ಅರಿಸಿನ ಪುಡಿ. ಒಂದು ಚಿಟಿಕೆ ಹಣೆಗೆ ಹಚ್ಚಿಕೊಂಡು, ಉಳಿದದ್ದನ್ನು ಅಂಗೈಯಲ್ಲಿ ಹಿಡಿದು ಮೇಜಿನ ಮೇಲಿಟ್ಟ.

"ತಾರೀಖ ನಾ ಹಾಕಿಲ್ಲ, ಮ್ಯಾನೇಜರ್ ಹಾಕ್ಯಾನ. ತಾರೀಖ ಖಾಲಿ ಬಿಟ್ಟು ಹೆಬ್ಬೆಟ್ಟು ತಾ ಅಂದ, ತಂದ್ನಿ. ಮೂರು ಅಂತ ಬರದ, ಸಾಕ್ಷಿ ಹಾಕು ಅಂದ, ಹಾಕಿದ್ನಿ. ಅದು ಸುಳ್ಳು. ಅದು ನೌಕರಿ. ಆದ್ರ ಹೆಣದ ಕೈ ಮುಟ್ಟಿ ಬರೂ ಮಗ ನಾ ಅಲ್ಲ. ಭಂಡಾರ ಹಿಡದು ಹೇಳ್ತೇನಿ. ನಾ ಹೋದಾಗ ಅಂವಗ ಜೀವ ಇತ್ತು."

ಸುರೇಖಾ ಬೀರಪ್ಪನನ್ನು ನಂಬುವುದು ಬಿಟ್ಟು ಬಹಳ ವರ್ಷವಾಗಿತ್ತು. ಆದರೆ ಪ್ರಭುಲಿಂಗ ನಂಬುತ್ತಾನೆ ಎಂಬುದನ್ನು ಅವಳು ನಂಬುತ್ತಿದ್ದಳು. ಪ್ರಮಾಣಪತ್ರದ ಮೇಲೆ, ಛಾಪಾ ಕಾಗದದ ಮೇಲೆ, ಜಡ್ಜ್ ಎದುರು ಅವನು ಏನು ಬೇಕಾದರೂ ಹೇಳಿಯಾನು. ಅಂಗೈಯಲ್ಲಿ ಅರಿಸಿನ ಹಿಡಿದು ಸುಳ್ಳು ಹೇಳಲಾರ. ಅವರ ಓಣಿಯಲ್ಲಿ ಹಾಗೆ ಹೇಳಿದವನ ಮನೆಗೆ ಮೂರು ತಲೆಮಾರು ಹೆಣ್ಣು ಕೊಟ್ಟಿರಲಿಲ್ಲ.

"ಯಾವತ್ತು ಹೋಗಿದ್ದಿ?"

"ಹದಿನೇಳಕ್ಕನ. ಹಳೇ ಶಾಖ್ಯಾದವರು ದುಡ್ಡು ತಗೊಂಡಾರ ಅಂತ ಅವತ್ತ ನಮ್ಮ ಮ್ಯಾನೇಜರಗ ಗೊತ್ತಾತು. ಹೊಲಸು ಬೈದ. ನೋಟೀಸ್ ಕೊಡದ ಕುಂತಿದ್ದು ಅವನ, ಬೈಸಿಕೊಂಡಿದ್ದು ನಾನು. ಈಗಿಂದೀಗ ಹೋಗು ಅಂದ. ಹೋದ್ನಿ."

ಹದಿನೇಳು. ಹತ್ತರ ನಂತರ ಏಳು ದಿನ. ಅಂದಪ್ಪ ದುಡ್ಡು ಕಟ್ಟಿದಾಗ ಅವನಿಗೆ ಹೊಸ ಕಂಪನಿಯ ಹೆಸರೂ ಗೊತ್ತಿರಲಿಲ್ಲ. ಮನೆ ಉಳಿಯಿತು.

ಆದರೆ ಬರೀ ಭಂಡಾರದ ಮಾತು ಕೋರ್ಟಿಗೆ ಸಾಲದು.

"ಬರದು ಕೊಡ್ತೀಯೇನು?"

"ಬರದು ಕೊಟ್ರ ಮ್ಯಾನೇಜರ್ ನನ್ನ ಮ್ಯಾಲೆ ಹಾಕ್ತಾನ. ಹೆಂಗಿದ್ರೂ ಹಾಕಾವನ." ಅವನು ಭಂಡಾರವನ್ನು ಚೀಲಕ್ಕೆ ಸುರಿದು, ಬೆರಳಿಗಂಟಿದ್ದನ್ನು ಕೂದಲಿಗೆ ಒರೆಸಿಕೊಂಡ. "ಬರ್ಯೂದು ಬ್ಯಾಡ. ಅದಕ್ಕಿಂತ ಛಲೋದು ಐತಿ. ನಾವು ಯಾವ ಮನಿಗೆ ಹೋದ್ರೂ ಸಾಲಗಾರನ ಫೋಟೋ ತಗೀಬೇಕು, ಮರತಿಯೇನು? ನಾವು ಖರೇನ ಹೋಗೀವೋ, ಹೋಟೆಲಿನಾಗ ಕುಂತು ಬರದೀವೋ ಅಂತ ಕಂಪನಿಗೆ ನಂಬಿಗಿಲ್ಲ."

ಮರೆತಿರಲಿಲ್ಲ. ಆ ಫೋಟೋದ ಅಡಿಯಲ್ಲಿ ಊರು, ತಾರೀಖು, ಗಂಟೆ ತಾನಾಗಿ ಅಚ್ಚಾಗುತ್ತದೆ. ಯಾರೂ ತಿದ್ದಲಾರರು, ಕಂಪನಿ ತನ್ನ ಆಳುಗಳನ್ನು ನಂಬದೆ ಮಾಡಿಕೊಂಡ ವ್ಯವಸ್ಥೆ ಅದು.

"ಮ್ಯಾನೇಜರ್ ಅಳಸು ಅಂದ. ಕಂಪನಿ ಫೋನಿನಾಗ ಅಳಸಿದ್ನಿ. ನನ್ನ ಫೋನಿಗೆ ಕಳಿಸಿಕೊಂಡು ಅಳಸಿದ್ನಿ." ಪ್ರಭುಲಿಂಗ ತನ್ನ ಮೊಬೈಲ್ ತೆಗೆದು ಉಜ್ಜುತ್ತ ಹೋದ. ಕುರಿಗಳು, ಟಗರು, ಮಗಳ ಹುಟ್ಟುಹಬ್ಬ, ಮತ್ತೆ ಟಗರು. "ನಾಳೆ ನನ್ನ ಕುತಗಿಗೆ ಬಂದ್ರ ಇರ್ಲಿ ಅಂತ. ತಗೋ."

ಎರಡು ಫೋಟೋ ಅವಳ ಮೊಬೈಲಿಗೆ ಬಂದು ಬಿದ್ದವು.

ಮೊದಲನೆಯದರಲ್ಲಿ ಅಂದಪ್ಪ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದ. ಹಣೆಯಲ್ಲಿ ವಿಭೂತಿ. ಎಡಗೈ ಎದೆಯ ಮಟ್ಟಕ್ಕೆ ಎತ್ತಿತ್ತು, ಹೆಬ್ಬೆಟ್ಟು ನೇರಳೆ. ತೊಡೆಯ ಮೇಲೆ ನೋಟೀಸಿನ ಹಾಳೆ. ಶತದೀಪದ ಹೆಸರು ಓದುವಷ್ಟು ಸ್ಪಷ್ಟ. ಕಣ್ಣು ನೇರ ಕ್ಯಾಮೆರಾಕ್ಕೆ.

ಎರಡನೆಯದೂ ಅದೇ. ಕಣ್ಣು ಮಾತ್ರ ಹೊರಳಿ ಪಕ್ಕದ ಒಳಕೋಣೆಯ ಬಾಗಿಲ ಕಡೆ ನೋಡುತ್ತಿತ್ತು.

"ಮಾತು ಬರ್ತಿರಲಿಲ್ಲ," ಎಂದ ಪ್ರಭುಲಿಂಗ. "ಆ ಅನ್ತಿದ್ದ. ಆ ಖೋಲಿ ಕಡೆ ನೋಡಿ ನೋಡಿ ಆ ಅನ್ತಿದ್ದ. ನೀರ ಬೇಕೇನೋ ಅಂತ ನಾನ ತಂಬಿಗಿ ಹಿಡದು ಕುಡಿಸಿದ್ನಿ. ಕುಡೀಲಿಲ್ಲ. ಹೆಬ್ಬೆಟ್ಟು ಒತ್ತಸೂ ಮುಂದ ನನ್ನ ಕೈ ಗಟ್ಟಿ ಹಿಡಕೊಂಡ, ಬಿಡವಲ್ಲ. ನೋಟೀಸ್ ನೋಡಿ ಅಂಜ್ಯಾನ ಅಂದ್ಕೊಂಡ್ನಿ. ಬಿಡಿಸಿಕೊಂಡು ಬಂದ್ನಿ."

"ಮನ್ಯಾಗ ಯಾರಿದ್ರು?"

"ಯಾರೂ ಕಾಣ್ಲಿಲ್ಲ. ಬಾಗಿಲಾ ಸುಮ್ನ ಮುಂದ ಮಾಡಿತ್ತು. ಮಗ್ಗ ನಿಂತಿದ್ವು."

ಸುರೇಖಾ ಎರಡು ಬೆರಳಿನಿಂದ ಫೋಟೋ ಹಿಗ್ಗಿಸಿ ಅಡಿಯ ಕಪ್ಪು ಪಟ್ಟಿ ಓದಿದಳು. ಇಳಕಲ್. ಹದಿನೇಳು, ಫೆಬ್ರವರಿ. ಆ ಸಾಲಿನಲ್ಲೇ, ಬಿಡುವಿಲ್ಲದೆ, ಗಂಟೆ.

ಮಧ್ಯಾಹ್ನ ಮೂರು ನಲವತ್ತು. ಎರಡನೆಯದು ಮೂರು ನಲವತ್ತೊಂದು.

ಎರಡಕ್ಕೆ ಐದು ನಿಮಿಷ ಇರುವಾಗ ಅಯ್ಯನವರ ಡೈರಿಯಲ್ಲಿ ಈ ಮನುಷ್ಯ ಸತ್ತಿದ್ದ. ಎರಡಕ್ಕೆ ಮಗಳ ತೊಡೆಯ ಮೇಲೆ ಸತ್ತಿದ್ದ. ಮೂರು ನಲವತ್ತಕ್ಕೆ ಕ್ಯಾಮೆರಾ ನೋಡಿದ, ಮೂರು ನಲವತ್ತೊಂದಕ್ಕೆ ಬಾಗಿಲು ನೋಡಿದ. ಐದಕ್ಕೆ ಓಣಿಯವರು ಬಂದಾಗ ಮತ್ತೆ ಸತ್ತಿದ್ದ.

ಸಾವಕಾಶ ಬಸ್ಸಿಗೆ ಬರ್ರಿ. ಅಪ್ಪ ಬದುಕಿರುವಾಗಲೇ ಬನಶಂಕರಿ ಸಾವಿನ ಸುದ್ದಿ ಕಳಿಸಿದ್ದಳು.

"ಮನಿ ಉಳೀತಲ್ಲ," ಎಂದ ಪ್ರಭುಲಿಂಗ. "ಮಾರಿ ಯಾಕ ಸಣ್ಣ ಮಾಡ್ದಿ? ತಾರೀಖ ಬೇಕಾಗಿತ್ತು, ಕೊಟ್ನಿ."

"ನಿಮ್ಮ ಕಂಪನಿ ಫೋನಿನಾಗ ಗಂಟಿ ಸರಿ ತೋರಸ್ತೈತೇನು?"

"ನಿನ್ನ ಫೋನಿನಾಗ ಈಗ ಎಷ್ಟು?"

ಅವಳು ನೋಡಿದಳು. ಅವನು ಇನ್ನೊಂದು ಕಿಸೆಯಿಂದ ಕಂಪನಿ ಫೋನ್ ತೆಗೆದು ಎದುರು ಹಿಡಿದ. ಎರಡರಲ್ಲೂ ಒಂದೇ ಗಂಟೆ, ಒಂದೇ ನಿಮಿಷ.

ಫೋಟೋದ ಅಡಿಯನ್ನು ಕತ್ತರಿಸಬಹುದೇ ಎಂದು ಅವಳ ಬೆರಳು ತಾನಾಗಿ ಪರದೆಯ ಮೇಲೆ ಆಡಿತು. ತಾರೀಖು ಬೇಕು, ಗಂಟೆ ಬೇಡ. ಎರಡೂ ಒಂದೇ ಪಟ್ಟಿಯಲ್ಲಿ ಅಂಟಿಕೊಂಡಿದ್ದವು. ಗಂಟೆ ಅಳಿಸಿದರೆ ಫೋಟೋ ತಿದ್ದಿದ್ದಾಗುತ್ತದೆ. ಶತದೀಪದ ವಕೀಲ ಅದನ್ನೇ ಎತ್ತಿ ಹಿಡಿದು ನಗುತ್ತಾನೆ. ಅಳಿಸದೆ ಕೊಟ್ಟರೆ ಮನೆ ಬನಶಂಕರಿಗೆ ಬರುತ್ತದೆ, ಜೊತೆಗೆ ಪೊಲೀಸರೂ ಬರುತ್ತಾರೆ. ಕೊಡದೆ ಇಟ್ಟರೆ ಸೋಮವಾರ ಬೀಗ. ಇದರಲ್ಲಿ ಮೂರನೇ ತಾರೀಖು ಬರೆದ ಮ್ಯಾನೇಜರನಿಗೂ ತನಗೂ ನಡುವೆ ಇದ್ದದ್ದು ಒಂದು ಬೆರಳು ಅಗಲ.

"ಬರ್ತೇನಿ ಪ್ರಭಣ್ಣ."

"ಚಾ ಕುಡೀಲಿಲ್ಲ."

"ನೀ ಕುಡಿ."

"ಓಣ್ಯಾಗ ಹೇಳೂದಿಲ್ಲಲ್ಲ, ಆ ಹೆಣದ ಮಾತು?" ಅವನ ದನಿಯಲ್ಲಿ ಮೊದಲ ಸಲ ಬೇಡಿಕೆ ಇತ್ತು.

"ಇಲ್ಲ. ಅದು ನೀ ಮಾಡಿಲ್ಲ."

ಸ್ಕೂಟಿ ನಿಲ್ಲಿಸಿದ್ದ ಬನ್ನಿಗಿಡದ ಕೆಳಗೆ ಬಂದು ಸುರೇಖಾ ಎರಡೂ ಫೋಟೋ ಮತ್ತೆ ತೆರೆದು ನೋಡಿದಳು. ಈ ಕೆಲಸ ಅವಳಿಗೆ ಕೊಟ್ಟವಳೇ ಬನಶಂಕರಿ. ಬಾಗಲಕೋಟೆಗೆ ಬಂದು, ಪದ್ಮಶ್ರೀಯ ಮೇಜಿನ ಮೇಲೆ ಅಪ್ಪನ ರಸೀದಿ ಹರವಿ, ಈ ಹೆಬ್ಬೆಟ್ಟು ಯಾವಾಗ ಬಿತ್ತು ಹುಡುಕಿ ಕೊಡ್ರಿ ಎಂದು ಕಣ್ಣೀರಿಲ್ಲದೆ ಕೇಳಿದವಳು. ಆ ಹೆಣ್ಣು ತನ್ನ ಅಪ್ಪನ ಮಸಿಯನ್ನು ತಾನೇ ಹುಡುಕಿಸುವಳೇ, ಅದರ ಹಿಂದೆ ಇಂಥದು ಇದೆ ಎಂದು ಗೊತ್ತಿದ್ದರೆ? ಅಥವಾ ಅವಳಿಗೆ ಗೊತ್ತಿಲ್ಲದ್ದು ಇಷ್ಟೇ ಇರಬಹುದೇ: ಎರಡಕ್ಕೂ ಐದಕ್ಕೂ ನಡುವೆ ಆ ಮನೆಯ ಬಾಗಿಲು ತೆಗೆದು ಒಬ್ಬ ಒಳಗೆ ಬಂದು ಹೋದ ಎಂಬುದು.

ಬನಶಂಕರಿಗೆ ಫೋನ್ ಹಚ್ಚಿದಳು. ಮೂರನೇ ರಿಂಗಿಗೆ ಎತ್ತಿದರು. ಹಿಂದೆ ಮಗ್ಗದ ಸದ್ದು, ಒಂದೇ ತಾಳ.

"ಹೇಳ್ರಿ ಸುರೇಖಾ ಬಾಯಾರ."

"ಎಲ್ಲಿದ್ದೀರಿ ಅಕ್ಕಾರ?"

"ಎಲ್ಲಿರ್ಲಿ, ಮಗ್ಗದ ಮುಂದ. ಸೋಮವಾರದೊಳಗ ಎರಡು ಸೀರಿ ಇಳಸಬೇಕು. ಬೀಗ ಹಾಕಿದ್ರ ಅರ್ಧಾ ಸೀರಿ ಒಳಗ ಉಳೀತಾವ. ಏನರ ಸಿಕ್ತೇನ್ರಿ?"

"ಸಿಕ್ತ್ರಿ. ಮನಿ ಉಳಸೂ ಅಂಥಾದು ಸಿಕ್ಕೈತಿ. ಫೋಟೋ ಅದಾವ. ಹದಿನೇಳನೇ ತಾರೀಖ ಮಧ್ಯಾಹ್ನ, ನಿಮ್ಮ ಮನ್ಯಾಗ ತಗದದ್ದು."

ಮಗ್ಗದ ಸದ್ದು ನಿಂತಿತು.

ಸುರೇಖಾ ಕಾದಳು. ಯಾರು ತೆಗೆದರು ಎಂದು ಕೇಳಲಿ. ಯಾರ ಫೋಟೋ ಎಂದು ಕೇಳಲಿ. ಸುಳ್ಳಾದರೂ ಸರಿ, ನಮ್ಮ ಮನೆಗೆ ಯಾರೂ ಬಂದಿರಲಿಲ್ಲ ಎಂದಾದರೂ ಅನ್ನಲಿ. ಅದರಲ್ಲಿ ಯಾವುದನ್ನು ಕೇಳಿದರೂ ನಂಬಲು ಅವಳು ಸಿದ್ಧಳಿದ್ದಳು.

ಆ ಕಡೆಯಿಂದ ಮೆಲ್ಲಗೆ ಮಾತು ಬಂತು; ಮೊದಲ ಸಲ ಅದರಲ್ಲಿ 'ರಿ' ಇರಲಿಲ್ಲ.

"ಸುರೇಖಾ, ಅದರಾಗ ನಾ ಕಾಣಿಸ್ತೇನೇನು?"